ಮೂರನೆಯ ಡಾಕ್ಟರು

ಬೆಳ್ಳುಳ್ಳಿಯ ಮೂರನೆಯ ಎಸಳನ್ನು ಹಲ್ಲಿನ ನಡುವೆ ಇಟ್ಟು ಕಡಿದಾಗಲೇ ತೆರ್ಯೊನಿಗೆ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಾದದ್ದು. ಒಲೆಯ ಮೇಲೆ ಮಜ್ಜಿಗೆಹುಲ್ಲಿನ ನೀರು ಕುದಿಯುತ್ತಿತ್ತು. ಅದನ್ನು ಇಟ್ಟವನೂ ತಾನೇ, ಹಿತ್ತಿಲಿಗೆ ಹೋಗಿ ಹುಲ್ಲು ಕಿತ್ತು ತಂದವನೂ ತಾನೇ. ನಿನ್ನೆ ಎರಡು ಊಟದಲ್ಲೂ ಒಣಮೀನನ್ನು ತಟ್ಟೆಯ ಅಂಚಿಗೆ ಸರಿಸಿ ಬರೀ ಅನ್ನ ತಿಂದದ್ದು ಈಗ ನೆನಪಾಯಿತು. ಯಾರೂ ಹೇಳಿರಲಿಲ್ಲ. ಮನಸ್ಸೂ ಹೇಳಿರಲಿಲ್ಲ. ಗಾಣದ ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿದರೂ ಕಾಲು ಸುತ್ತುವಂತೆ ಕೈಬಾಯಿಗಳು ತಮ್ಮಷ್ಟಕ್ಕೆ ತಾವೇ ಇಪ್ಪತ್ತೆರಡು ವರ್ಷದ ಕೆಲಸ ಮಾಡಿಕೊಂಡಿದ್ದವು.

"ಏನಿದು ನಾತ?" ಎನ್ನುತ್ತ ಅದೆಲ್ಫಾ ಒಳಗಿನಿಂದ ಬಂದಳು. ಹೆಂಡತಿ ಅವನ ಬಾಯಿ ನೋಡಿದಳು, ಒಲೆ ನೋಡಿದಳು. ಅವಳಿಗೆ ತಿಳಿಯಲು ಎರಡು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ. "ನೋಂಗ್," ಅಂದಳು, ಊರಲ್ಲಿ ತನಗಿಂತ ಹಿರಿಯ ಗಂಡಸನ್ನು ಕರೆಯುವ ಹಾಗೆ. "ಇವತ್ತು ನಾವು ಪಾಸಾಗೋಕೆ ಹೋಗ್ತಿಲ್ಲ. ಫೇಲಾಗೋಕೆ ಹೋಗ್ತಿರೋದು."

"ಬಾಯಿ ಕೆಟ್ಟಿತ್ತು, ಅದಕ್ಕೆ ತಿಂದೆ."

"ಬಾಯಿ ಕೆಟ್ಟೋರು ಬೆಳ್ಳುಳ್ಳಿ ತಿಂತಾರಾ? ಉಗಿ." ಅವಳು ಅಂಗೈ ಒಡ್ಡಿ ನಿಂತಳು, ಚಿಕ್ಕ ಮಗುವಿನ ಬಾಯಿಯಿಂದ ಗುಂಡಿ ಉಗಿಸುವವಳ ಹಾಗೆ. ಅವನು ಉಗಿಯಲಿಲ್ಲ, ನುಂಗಿದ. ಅವಳು ಒಲೆಯ ಮೇಲಿನ ನೀರನ್ನು ಹಿತ್ತಿಲ ಬಾಗಿಲಿಂದಾಚೆ ಸುರಿದಳು. ಬಿಸಿನೀರು ಬಿದ್ದಲ್ಲಿಂದ ಕೋಳಿಗಳು ಬಯ್ದುಕೊಂಡು ಹಾರಿದವು.

ಇದೆಲ್ಲ ಅವನು ಕಲಿತದ್ದು ಇಪ್ಪತ್ತೆರಡು ವರ್ಷದ ಹಿಂದೆ, ಮನಿಲಾದ ಹನ್ನೆರಡು ಮಂಚಗಳ ಒಂದು ಕೊಠಡಿಯಲ್ಲಿ. ಹಡಗು ಸಿಗುವವರೆಗೆ ಕಾಯುವವರೆಲ್ಲ ಅಲ್ಲೇ ಮಲಗುತ್ತಿದ್ದರು. ಒಪ್ಪಂದ ಮುಗಿಸಿ ಬಂದವನಿಗೆ ಮತ್ತೆ ಹಡಗು ಹತ್ತಬೇಕಾದರೆ ಡಾಕ್ಟರ ಮುಂದೆ ನಿಂತು 'ಫಿಟ್' ಎಂಬ ಮುದ್ರೆ ಒತ್ತಿಸಿಕೊಳ್ಳಬೇಕು, ಪ್ರತಿ ಸಲವೂ. ಮೊದಲ ಸಲ ತೆರ್ಯೊನ ರಕ್ತದೊತ್ತಡ ಏರಿಬಿಟ್ಟಿತ್ತು, ಬರೀ ಹೆದರಿಕೆಗೆ. ಪಕ್ಕದ ಮಂಚದ ಪೆದ್ರಿಂಗ್ ಎಂಬ ಮುದುಕ ಬೋಸುನ್, ಹಡಗಿನ ಮೇಸ್ತ್ರಿ, ಪುಣ್ಯಾತ್ಮ, ವಿದ್ಯೆಯನ್ನೆಲ್ಲ ಧಾರೆ ಎರೆದಿದ್ದ. ಮೂರು ದಿನ ಉಪ್ಪು ಬೇಡ. ಹಸಿ ಬೆಳ್ಳುಳ್ಳಿ ಮೂರು ಎಸಳು. ಮಜ್ಜಿಗೆಹುಲ್ಲಿನ ನೀರು. ಡಾಕ್ಟರು ಏನು ಕೇಳಿದರೂ ಇಲ್ಲ ಅನ್ನು, ನಕ್ಕುಕೊಂಡು ಅನ್ನು. "ಮುಖ್ಯವಾದದ್ದು ಕೇಳು ತಮ್ಮಾ. ತೋಳಿಗೆ ಪಟ್ಟಿ ಸುತ್ತಿದಾಗ ಮನೇನ ಮಾತ್ರ ನೆನೆಸ್ಕೋಬೇಡ. ಹೆಂಡ್ತಿ ನೆನಪಾದ್ರೆ ಪಾದರಸ ಮರ ಹತ್ತತ್ತೆ. ಏನೂ ಇಲ್ಲದ ಕಡೆ ಮನಸ್ಸಿಡು." ತೆರ್ಯೊ ಏನೂ ಇಲ್ಲದ ಕಡೆಯನ್ನು ಹುಡುಕಿಕೊಂಡದ್ದು ಹಡಗಿನ ಹೊಟ್ಟೆಯಲ್ಲಿ. ಇಂಜಿನ್ನಿನಿಂದ ಹಿಂದಿನ ಪ್ರೊಪೆಲ್ಲರಿನ ರೆಕ್ಕೆಯವರೆಗೆ ಉದ್ದಕ್ಕೆ ಮಲಗಿದ ಶಾಫ್ಟು. ಅದು ತಿರುಗುತ್ತಲೇ ಇರುತ್ತದೆ, ನೋಡಿದರೆ ನಿಂತ ಹಾಗೇ ಕಾಣುತ್ತದೆ. ಪಟ್ಟಿ ಬಿಗಿಯುತ್ತಿದ್ದಂತೆ ಅವನು ಕಣ್ಣು ಅರೆಮುಚ್ಚಿ ಅದನ್ನು ನೋಡುತ್ತಿದ್ದ. ಎದೆ ತಣ್ಣಗಾಗುತ್ತಿತ್ತು. ಹದಿನೇಳು ಸಲ ಹಾಗೆಯೇ ಪಾಸಾಗಿದ್ದ.

ದಕ್ಕೆಗೆ ಇಳಿಯುವ ಹಾದಿಯಲ್ಲಿ ಅದೆಲ್ಫಾ ಮುಂದೆ, ತಲೆಯ ಮೇಲೆ ಮಾವಿನಹಣ್ಣಿನ ಬುಟ್ಟಿ. ಹಿಂದೆ ಅವನು, ಕೈಯಲ್ಲಿ ಅವಳ ಕೊಡೆ ಮತ್ತು ಎಕ್ಸ್‌ರೇಗಳ ಲಕೋಟೆ. ಡಾಕ್ಟರಿಗೆ ನಾಲ್ಕು ಹಣ್ಣು ಕೊಡದೆ ಹೋಗುವುದು ಹೇಗೆ ಎಂದು ಅವಳ ಹಟ. ಗಂಡಸಿನ ಕೈಯಲ್ಲಿ ಕೊಡೆ, ಹೆಂಗಸಿನ ತಲೆಯ ಮೇಲೆ ಹೊರೆ. ಈ ಗಿಮರಾಸ್ ದ್ವೀಪದಲ್ಲಿ ಇದನ್ನು ನೋಡಿಯೂ ಸುಮ್ಮನಿರುವ ಜಗಲಿ ಒಂದಿಲ್ಲ. ಈ ವರ್ಷ ಮಾವಿನಕಾಯಿಗಳಿಗೆ ಹಳೆಯ ಪೇಪರಿನ ಚೀಲ ಕಟ್ಟುವ ಹೊತ್ತಿನಲ್ಲೂ ಅವಳು ಏಣಿ ಹತ್ತಿದ್ದಳು, ಅವನು ಕೆಳಗೆ ಕೂತು ಚೀಲ ಮಡಚಿದ್ದ. ಮೇಲಿನ ಕೊಂಬೆಗಳಿಂದ ಹೆಂಗಸರು ಅವನ ಹಡಗಿನ ಕೆಲಸದ ಹೆಸರು ಹಿಡಿದು ಕೂಗುತ್ತಿದ್ದರು: "ಆಯಿಲರ್ ಸಾಹೇಬ್ರೇ, ಇನ್ನೊಂದು ಇಪ್ಪತ್ತು ಕಳ್ಸಿ!" ಅವನೂ ನಗುತ್ತಿದ್ದ. ಮಡಚುವಾಗ ಹಳೆಯ ಪೇಪರಿನಲ್ಲಿ ಹಡಗಿನ ಕೆಲಸದ ಜಾಹೀರಾತು ಕಂಡರೆ ಅಕ್ಷರಗಳನ್ನು ಒಳಗೆ ಮಾಡಿ ಮಡಚುತ್ತಿದ್ದ. ಈಗ ಯಾವುದೋ ಮರದಲ್ಲಿ, ಯಾವುದೋ ಕಾಯಿಯ ಮೈಗೆ ಅಂಟಿಕೊಂಡು ಆ ಅಕ್ಷರಗಳು ಇರಬೇಕು.

ಬುದೊಯ್‌ನ ದೋಣಿ ಕಾಯುತ್ತಿತ್ತು. ಇಕ್ಕೆಲಕ್ಕೂ ಬಿದಿರಿನ ತೋಳು ಚಾಚಿದ ಸಣ್ಣ ಇಂಜಿನ್ ದೋಣಿ. ಜಲಸಂಧಿಯಲ್ಲಿ ಲಂಗರು ಹಾಕಿದ ಹಡಗುಗಳ ಬುಡಕ್ಕೆ ಹೋಗಿ ಹಣ್ಣು ಮಾರುವವನು ಅವನು, ಆಚೆ ದಡದ ಇಲೋಯ್ಲೊ ಪಟ್ಟಣಕ್ಕೆ ಜನರನ್ನೂ ದಾಟಿಸುತ್ತಾನೆ.

"ಬನ್ನಿ ನೋಂಗ್ ತೆರ್ಯೊ. ಏನು, ಮತ್ತೆ ಹಡಗಿಗಾ? ಪೆಟ್ಟಿಗೆ ಎಲ್ಲಿ?"

"ಪೆಟ್ಟಿಗೆ ಇವಳ ತಲೆ ಮೇಲಿದೆ ನೋಡು," ಅಂದ ತೆರ್ಯೊ.

"ಬುದೊಯ್, ಬಾಯಿ ಮುಚ್ಚಿ ಇಂಜಿನ್ ಬಿಡು," ಅಂದಳು ಅದೆಲ್ಫಾ. "ಮತ್ತೆ ಆ ಹಡಗುಗಳ ಹತ್ತಿರಕ್ಕೆ ಹೋಗ್ಬೇಡ. ಸುತ್ತು ಹಾಕಿ ಹೋಗು."

"ಸುತ್ತು ಹಾಕಿದ್ರೆ ಎಣ್ಣೆ ಜಾಸ್ತಿ ಕುಡಿಯತ್ತೆ ನಾಂಗ್ ಅದೆಲ್ಫಾ. ಯಾವಾಗ್ಲೂ ಹಿಂಗೇ ಅಂತೀರಿ, ಹಡಗೇನು ನಿಮ್ ಸವತಿನಾ?"

"ಹೌದು," ಅಂದಳು ಅವಳು. ನಗಲಿಲ್ಲ.

ದೋಣಿ ಸುತ್ತು ಹಾಕಿಯೇ ಹೋಯಿತು. ದೂರದಲ್ಲಿ ಮೂರು ಹಡಗುಗಳು ಬಿಸಿಲಿಗೆ ನಿಂತಿದ್ದವು, ನಡುವಿನದ್ದು ತುಕ್ಕು ಹಿಡಿದ ಧಾನ್ಯದ ಹಡಗು. ತೆರ್ಯೊ ಬೆನ್ನು ತಿರುಗಿಸಿ ಕೂತ. ಬೆನ್ನಿಗೂ ಅದು ಕಾಣುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮನೆಯಲ್ಲಿ ಕಳೆದದ್ದು ನಾಲ್ಕು ವರ್ಷವಾದರೂ ಇದ್ದೀತೋ ಇಲ್ಲವೋ. ಹಡಗಿನಲ್ಲಿದ್ದಾಗ ಕಬ್ಬಿಣದ ಮಂಚದ ಮೇಲೆ ಮಲಗಿ ಈ ದಕ್ಕೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುತ್ತಿದ್ದ, ಮನೆಯ ಬಾಗಿಲು ಬರುವಷ್ಟರಲ್ಲಿ ನಿದ್ದೆ ಬರುತ್ತಿತ್ತು. ಈಗ ಮನೆಯಲ್ಲಿ ಮಲಗಿ, ಇಂಜಿನ್ ಕೋಣೆಯ ಕಬ್ಬಿಣದ ಏಣಿಯನ್ನು ಒಂದೊಂದೇ ಮೆಟ್ಟಿಲಾಗಿ ಇಳಿಯುತ್ತಾನೆ. ತಾನು ಎಲ್ಲಿಲ್ಲವೋ ಅಲ್ಲಿಯೇ ಬದುಕಿದವನು ತಾನು ಎಂದು ಅನ್ನಿಸಿ ಅವನಿಗೆ ನಾಚಿಕೆಯಾಯಿತು. ಎದುರಿಗೆ ಕೂತ ಅದೆಲ್ಫಾ ಬುಟ್ಟಿಯ ಮೇಲೆ ನೀರು ಸಿಡಿಯದಂತೆ ತನ್ನ ತಲೆಯ ಬಟ್ಟೆಯನ್ನು ಹೊದಿಸುತ್ತಿದ್ದಳು. ಇವಳು ಕಾದಿದ್ದಾಳೆ. ಇವಳು ಕಾದದ್ದು ನನಗಾಗಿ. ಕೊನೆಗೆ ಸಿಕ್ಕವನು ಜಗಲಿಯಲ್ಲಿ ಕೂತು ಸಮುದ್ರ ನೋಡುವವನು.

"ಇನ್ನೊಂದ್ಸಲ ಹೇಳು ನೋಡೋಣ," ಅಂದಳು ಅವಳು, ಇಂಜಿನ್ನಿನ ಸದ್ದಿನ ಮೇಲೆ ದನಿ ಏರಿಸಿ. "ಎಷ್ಟು ಮೆಟ್ಟಿಲು ಹತ್ತಿದ್ರೆ ಎದೆ ಹಿಡಿಯತ್ತೆ?"

"ಹತ್ತು."

"ಎಂಟು. ಮೊನ್ನೆ ಇಗರ್ಜಿ ಮೆಟ್ಟಿಲಲ್ಲಿ ಎಂಟಕ್ಕೇ ಕೂತೆ. ನಾನು ಎಣಿಸಿದೀನಿ. ರಾತ್ರಿ?"

"ಎರಡು ದಿಂಬು ಇಟ್ಕೊಂಡು ಮಲಗ್ತೀನಿ."

"ಸುಳ್ಳು ಹೇಳು ಅಂತಿಲ್ಲ ನಾನು. ಇರೋದನ್ನ ಹೇಳು ಅಂತಿದೀನಿ. ಇರೋದನ್ನ ಹೇಳೋಕೆ ಇಷ್ಟು ಕಷ್ಟ ಪಡೋ ಗಂಡಸನ್ನ ನಾನು ನೋಡಿಲ್ಲಪ್ಪ."

ಇರುವುದನ್ನು ಹೇಳದೆ ಹನ್ನೊಂದು ದಿನ ಇದ್ದವನು ಅವನು. ಹಡಗು ನಡುಗಡಲಲ್ಲಿತ್ತು. ಎಣ್ಣೆ ಶುದ್ಧ ಮಾಡುವ ಯಂತ್ರದ ಪಕ್ಕ, ಬೇಯುವಂಥ ಸೆಕೆಯಲ್ಲಿ, ಎಡ ದವಡೆ ನೋಯತೊಡಗಿತು, ಹಲ್ಲು ನೋವಿನ ಹಾಗೆ. ಆಮೇಲೆ ತೋಳು. ಹೇಳಿದರೆ ಮುಂದಿನ ಬಂದರಿನಲ್ಲಿ ಇಳಿಸುತ್ತಾರೆ. ಇಳಿಸಿದವನನ್ನು ಮತ್ತೆ ಹತ್ತಿಸುವುದಿಲ್ಲ. ಹನ್ನೆರಡನೆಯ ದಿನ ಅವನು ಕಬ್ಬಿಣದ ನೆಲದ ಮೇಲೆ ಬಿದ್ದಿದ್ದಾಗ ಸೆಕೆಂಡ್ ಇಂಜಿನಿಯರು ಮುಖಕ್ಕೆ ನೀರು ಹಾಕಿ ಕೇಳಿದ್ದರು: ಯಾವಾಗಿಂದ? ಈಗಷ್ಟೇ ಸರ್, ಎಂದಿದ್ದ. ಆಮೇಲೆ ಮನಿಲಾ, ಕಂಪನಿಯ ಡಾಕ್ಟರು, ಎದೆಯ ನಾಳದೊಳಗೆ ಇಟ್ಟ ಎರಡು ಸ್ಟೆಂಟು, ನಾಲ್ಕು ತಿಂಗಳ ಮಾತ್ರೆ. ಕೊನೆಗೆ ಕಂಪನಿಯ ಡಾಕ್ಟರು ಬರೆದರು: ಕೆಲಸಕ್ಕೆ ಯೋಗ್ಯ. ಆ ಕಾಗದ ಹಿಡಿದು ಅವನು ಜೀಪ್ನಿ ಬಸ್ಸಿನಲ್ಲಿ, ಜನರ ನಡುವೆ, ಸಂತೋಷಕ್ಕೆ ಅತ್ತಿದ್ದ. ಅಲ್ಲಿಂದ ನೇರ, ಹಡಗಿಗೆ ಆಳು ಕಳಿಸುವ ಏಜೆನ್ಸಿಗೆ ಹೋದ. ಕಿಟಕಿಯ ಹಿಂದಿನ ಹುಡುಗಿ ಕಾಗದ ನೋಡಿ, ಕಂಪ್ಯೂಟರ್ ನೋಡಿ, "ಯೋಗ್ಯ ಅಂತ ಇದೆ ಸರ್, ಆದ್ರೆ ನಿಮಗೆ ಹಡಗಿಲ್ಲ," ಎಂದಳು. ಯಾವಾಗ ಸಿಗತ್ತೆ? "ನಾವೇ ಫೋನ್ ಮಾಡ್ತೀವಿ ಸರ್." ಯೋಗ್ಯ, ಆದ್ದರಿಂದ ಪರಿಹಾರವಿಲ್ಲ, ರೋಗಿ, ಆದ್ದರಿಂದ ಹಡಗಿಲ್ಲ. ನಾವಿಕರ ಸಂಘದವರು ಹೇಳಿದ ಮೇಲೆ ತಾನೇ ಇನ್ನೊಬ್ಬ ಡಾಕ್ಟರಲ್ಲಿ ತೋರಿಸಿದ. ಅವರು ಸಮುದ್ರಕ್ಕೆ ಅಯೋಗ್ಯ ಎಂದು ಬರೆದರು. ಒಬ್ಬರು ಹಾಗೆ, ಒಬ್ಬರು ಹೀಗೆ ಎಂದಾಗ ಎರಡೂ ಕಡೆಯವರು ಒಪ್ಪಿದ ಮೂರನೆಯ ಡಾಕ್ಟರ ಬಳಿಗೆ ಹೋಗಬೇಕು. ಅವರು ಬರೆದದ್ದೇ ಕೊನೆಯ ಮಾತು. ಅವರೂ ಅಯೋಗ್ಯ ಎಂದರೆ ಕಂಪನಿ ಪರಿಹಾರ ಕೊಡಲೇಬೇಕು. ಆ ಮೂರನೆಯ ಡಾಕ್ಟರು ಇವತ್ತು. ಜೀವಮಾನವಿಡೀ ನುಂಗಬೇಕಾದ ಮಾತ್ರೆ, ಮಗಳ ನರ್ಸಿಂಗಿನ ಇನ್ನೆರಡು ವರ್ಷ, ಎಲ್ಲ ಆ ಒಂದು ಮಾತಿಗೆ ನೇತುಕೊಂಡಿದೆ. ಆದರೆ ಅದೆಲ್ಫಾ ಕಾಯುತ್ತಿರುವುದು ಅದಕ್ಕಷ್ಟೇ ಅಲ್ಲವೆಂದು ಅವನಿಗೆ ಗೊತ್ತು. ಒಂದು ದಿನ ಅಕ್ಕಿ ಆರಿಸುತ್ತ, ತಲೆ ಎತ್ತದೆ ಅವಳು ಹೇಳಿದ್ದಳು: "ಆ ಕಾಗದ ಬಂದ್ರೆ ನಿನ್ನನ್ನ ಇನ್ಯಾರೂ ಕರೆಯೋ ಹಾಗಿಲ್ಲ, ಅಲ್ವಾ?"

ಆಸ್ಪತ್ರೆಯ ಹೃದಯದ ವಿಭಾಗ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟಿನ ಮುಂದೆ ಗಾಲಿಕುರ್ಚಿಗಳ ಸಾಲು. ಅದೆಲ್ಫಾ ಚೀಟಿ ಮಾಡಿಸಲು ಹೋದಾಗ ಅವನು ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ನೋಡಿದ. ಹಡಗಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿಯುತ್ತಿದ್ದ. ಕಾಲು ಎತ್ತಿ ಮೊದಲ ಮೆಟ್ಟಿಲ ಮೇಲೆ ಇಟ್ಟ. ಆರನೆಯದಕ್ಕೆ ಹೋಗುವಷ್ಟರಲ್ಲಿ ಹಿಂದಿನಿಂದ ಅವಳ ಕೈ ಅಂಗಿಯನ್ನು ಹಿಡಿದಿತ್ತು. ಲಿಫ್ಟಿನೊಳಗೆ ಅಂಗಿಯನ್ನು ಹಿಡಿದೇ ನಿಂತಿದ್ದಳು.

ಡಾಕ್ಟರ್ ಹಾವೆಲಾನ ಅರವತ್ತು ದಾಟಿದ ಹೆಂಗಸು. ತೆಳ್ಳಗೆ, ಕೂದಲಿಗೆ ಬಣ್ಣ ಹಚ್ಚದೆ ಬಿಟ್ಟಿದ್ದರು. ಬುಟ್ಟಿ ನೋಡಿ, "ಹಣ್ಣು ಎರಡೂ ಕಡೆಯವರಿಂದ ತಗೊಳ್ಳಲ್ಲ ನಾನು," ಎಂದು ನಕ್ಕು, ಅದೆಲ್ಫಾಳನ್ನು ಹೊರಗಿನ ಬೆಂಚಿಗೆ ಕಳಿಸಿದರು. ಅವಳು ಹೋಗುವಾಗ ಅವನ ಚಪ್ಪಲಿಯನ್ನು ಎತ್ತಿಕೊಂಡು ಹೋದಳು. ಓಡುವ ಯಂತ್ರದ ಮೇಲೆ ನಡೆಯಲು ಬಟ್ಟೆಯ ಬೂಟು ಹಾಕಿದ್ದ. ಬಾಗಿಲಿನ ಕಿರುಗಾಜಿನಲ್ಲಿ ಅವಳ ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು.

"ಕಂಪನಿ ಡಾಕ್ಟರ ಕಾಗದ ಫೈಲಲ್ಲಿ ಮಸುಕಾಗಿ ಬಂದಿದೆ. ನಿಮ್ಮ ಹತ್ರ ಮೂಲ ಇದೆಯಾ?"

ತೆರ್ಯೊ ಪರ್ಸಿನ ಒಳಗಿನ ಜೇಬಿಗೆ ಕೈ ಹಾಕಿದ. ಇದನ್ನು ಅವನು ಹೆಂಡತಿಗೂ ತೋರಿಸಿರಲಿಲ್ಲ, ಕಳೆದುಹೋಯಿತು ಎಂದಿದ್ದ. ನಾಲ್ಕಾಗಿ ಮಡಚಿದ ಕಾಗದ. ಮಡಿಕೆಗಳಲ್ಲಿ ಹರಿದು, ಒಂದು ಕಡೆ ಪಾರದರ್ಶಕ ಟೇಪು ಹಚ್ಚಿತ್ತು. ಅಂಚುಗಳು ಬಟ್ಟೆಯ ಹಾಗೆ ಮೆತ್ತಗಾಗಿದ್ದವು. ಡಾಕ್ಟರು ಅದನ್ನು ಬಿಡಿಸಿ ಮೇಜಿನ ಮೇಲೆ ಇಟ್ಟು, ಬರೆದದ್ದನ್ನು ಓದುವ ಮೊದಲು ಮಡಿಕೆಗಳನ್ನೇ ಸ್ವಲ್ಪ ಹೊತ್ತು ನೋಡಿದರು.

"ತುಂಬ ಸಲ ಓದಿದೀರಿ ಇದನ್ನ."

ಅವನು ನಕ್ಕ, ಪೆದ್ರಿಂಗ್ ಕಲಿಸಿದ ನಗು.

ತೋಳಿಗೆ ಪಟ್ಟಿ ಸುತ್ತಿದರು. ಬೇಡ, ಇವತ್ತು ಬೇಡ ಎಂದುಕೊಳ್ಳುವಷ್ಟರಲ್ಲೇ ಶಾಫ್ಟು ಬಂದು ಕಣ್ಣ ಮುಂದೆ ಮಲಗಿತ್ತು, ತಿರುಗುತ್ತ, ನಿಂತಂತೆ ಕಾಣುತ್ತ. ಒತ್ತಡ ಚೆನ್ನಾಗಿಯೇ ಇತ್ತು. ಎದೆಗೆ ತಂತಿಗಳನ್ನು ಅಂಟಿಸಿ ನರ್ಸು ಅವನನ್ನು ಯಂತ್ರದ ಪಟ್ಟಿಯ ಮೇಲೆ ನಿಲ್ಲಿಸಿದಳು. "ಎದೆ ಹಿಡಿದ್ರೆ, ದವಡೆ ನೊಂದ್ರೆ, ತಕ್ಷಣ ಹೇಳಿ ಸರ್." ನೆಲ ಕಾಲಡಿ ಹಿಂದಕ್ಕೆ ಸರಿಯತೊಡಗಿತು. ಅವನು ನಡೆದ. ಅಲೆಗೆ ಹಡಗು ಹೊರಳುವಾಗ ನಡೆಯುವ ಹಾಗೆ, ಮೊಣಕಾಲು ಸಡಿಲ ಬಿಟ್ಟು. ಎಷ್ಟು ದಿನವಾಗಿತ್ತು ಕಾಲಡಿಯಲ್ಲಿ ಯಂತ್ರವೊಂದು ಮಿಡಿದು! ಎರಡನೆಯ ನಿಮಿಷದಲ್ಲಿ ದವಡೆಗೆ ನೋವು ಬಂತು. ಬಾಗಿಲು ತಟ್ಟದೆ, ತನ್ನ ಮಾಮೂಲಿ ಜಾಗದಲ್ಲಿ ಬಂದು ಕೂತಿತು. ಅವನು ಮೂಗಿನಲ್ಲಿ ಉಸಿರೆಳೆದ, ತುಟಿ ಸಡಿಲಿಸಿ ಮುಖವನ್ನು ಹಗುರ ಮಾಡಿಕೊಂಡ. ಕಾಲಡಿಯ ಪಟ್ಟಿ ಏರುಮುಖವಾಯಿತು. ಇನ್ನೊಂದು ಸುತ್ತು. ಇಂಜಿನ್ ಕೋಣೆಯ ಪಾಳಿ ಮುಗಿಯಲು ಇನ್ನೊಂದೇ ಸುತ್ತು. ಕೂಲರಿನ ಹಿಂದೆ, ಪಂಪಿನ ಪಕ್ಕ, ಆಮೇಲೆ ಏಣಿ, ಮೇಲೆ ಗಾಳಿ, ಬೆಳಗಿನ ನಾಲ್ಕರ ಸಮುದ್ರ. ನೋವು ತೋಳಿಗೆ ಇಳಿಯಿತು. "ಹೇಗಿದೀರಿ ಸರ್?" "ಚೆನ್ನಾಗಿದೀನಿ." ನಾಲ್ಕನೆಯ ನಿಮಿಷವೂ ಕಳೆದು ಐದಕ್ಕೆ ಬಿದ್ದಾಗ ನರ್ಸು ಪರದೆಯ ಕಡೆ ನೋಡಿ ಗುಂಡಿ ಒತ್ತಿದಳು. ನೆಲ ನಿಂತಿತು. ಡಾಕ್ಟರು ಅವನ ನಾಲಿಗೆಯಡಿ ಒಂದು ಸಣ್ಣ ಮಾತ್ರೆ ಇಟ್ಟರು.

ಅವನು ಕುರ್ಚಿಯಲ್ಲಿ ಕೂತ ಮೇಲೆ, ಬೆವರು ಆರಿದ ಮೇಲೆ, ಅವರು ಕೇಳಿದರು: "ಯಾವಾಗ ಶುರುವಾಯ್ತು?"

"ಏನು ಡಾಕ್ಟರ್?"

"ನೋವು."

"ನೋವೇನಿಲ್ಲ ಡಾಕ್ಟರ್. ಸ್ವಲ್ಪ ಸೆಕೆ ಆಯ್ತು."

"ನಾನು ಏಸಿಗೆ ಸ್ವೆಟರ್ ಹಾಕ್ಕೊಂಡಿದೀನಿ." ಅವರು ಉದ್ದನೆಯ ಇಸಿಜಿ ಗೆರೆಕಾಗದವನ್ನು ಬೆರಳಲ್ಲಿ ಎಳೆದುಕೊಂಡರು. "ಈ ಕೋಣೆಗೆ ಬರೋರು ಬಾಗಿಲಲ್ಲೇ ಕುಂಟೋಕೆ ಶುರು ಮಾಡ್ತಾರೆ, ಎದೆ ಮೇಲೆ ಕೈ ಇಟ್ಕೊಂಡೇ ಕೂತ್ಕೋತಾರೆ. ಇರೋ ನೋವನ್ನ ಬಚ್ಚಿಟ್ಟೋರು ನೀವೇ ಮೊದಲು. ಗೆರೆ ಇಲ್ಲಿಂದ ಕೆಳಗೆ ಬಿದ್ದಿದೆ. ಆದ್ರೆ ಗೆರೆನ ಒಬ್ಬರು ಒಂದು ಥರ ಓದ್ತಾರೆ, ಇನ್ನೊಬ್ಬರು ಇನ್ನೊಂದು ಥರ. ನಿಮಗೇ ಗೊತ್ತಲ್ಲ. ನೋವಿತ್ತಾ, ಯಾವಾಗಿಂದ ಅನ್ನೋದನ್ನ ನಾನು ನಿಮ್ಮ ಬಾಯಿಂದ ಕೇಳಿ ಬರೀಬೇಕು."

ಅವನು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ.

"ಹಡಗಲ್ಲಿ ಏನು ಕೆಲಸ ನಿಮ್ಮದು?"

ಇದಕ್ಕೆ ಉತ್ತರಿಸುವುದು ಸುಲಭವಾಗಿತ್ತು. "ಆಯಿಲರ್, ಡಾಕ್ಟರ್. ಇಂಜಿನ್ ಕೋಣೆ ಸುತ್ತು ಹೊಡೀಬೇಕು. ಬೇರಿಂಗ್‌ಗಳಿಗೆ ಕೈ ಇಟ್ಟು ನೋಡ್ಬೇಕು, ಹೀಗೆ," ಎಂದು ಅಂಗೈಯ ಹಿಂಬದಿಯನ್ನು ಮೇಜಿಗೆ ತಾಗಿಸಿ ತೋರಿಸಿದ. "ಒಳಗೈ ಮಂದ ಆಗಿರತ್ತೆ, ಅದಕ್ಕೆ ಬಿಸಿ ತಿಳಿಯಲ್ಲ. ಕೈ ಹೋಗದ ಕಡೆ ಕಬ್ಬಿಣದ ಸರಳು ಇಟ್ಟು, ಈ ತುದಿಗೆ ಕಿವಿ ಕೊಡೋದು. ಒಳಗೆ ಏನಾಗ್ತಿದೆ ಅಂತ ಸರಳು ಹೇಳತ್ತೆ. ಮೀಟರ್‌ಗಳಿವೆ, ಆದ್ರೆ ಮೀಟರ್‌ಗಿಂತ ಮುಂಚೆ ನನಗೆ ಗೊತ್ತಾಗ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಬಿಸಿ ಬೇರಿಂಗನ್ನ ನಾನು ಹೇಳದೆ ಬಿಟ್ಟಿಲ್ಲ ಡಾಕ್ಟರ್. ನಡುರಾತ್ರಿ ಆದ್ರೂ ಸೆಕೆಂಡ್‌ನ ಎಬ್ಬಿಸಿ ಹೇಳ್ತಿದ್ದೆ. ಬಯ್ಯೋರು. ಬಯ್ಲಿ. ಹೇಳದೆ ಇದ್ರೆ ಶಾಫ್ಟೇ..."

ಮಾತು ಅಲ್ಲಿಗೇ ನಿಂತಿತು. ಮೇಜಿನ ಮೇಲೆ ಅವನ ಕೈ ಇನ್ನೂ ಮಗುಚಿಕೊಂಡೇ ಇತ್ತು, ಎಲ್ಲೋ ಬಿಸಿ ಹುಡುಕುವಂತೆ. ಡಾಕ್ಟರು ಅವಸರ ಮಾಡಲಿಲ್ಲ. ಬಾಗಿಲ ಗಾಜಿನಲ್ಲಿ ಅದೆಲ್ಫಾ ಬೆಂಚಿನ ಆಚೆ ತುದಿಗೆ ಸರಿದು ಮಗ್ಗುಲು ತಿರುಗಿದ್ದಳು. ಅವನ ಚಪ್ಪಲಿಗಳನ್ನು ನೆಲದ ಮೇಲೆ ಇಡದೆ ಮಡಿಲಲ್ಲೇ ಇಟ್ಟುಕೊಂಡು, ಒಂದರ ಹಿಮ್ಮಡಿಗೆ ಮೆತ್ತಿದ್ದ ದಕ್ಕೆಯ ಕೆಸರನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು. ಅವಳಿಗೆ ಯಾರೋ ನೋಡುತ್ತಿದ್ದಾರೆಂಬ ಅರಿವಿರಲಿಲ್ಲ. ಅವನಿಲ್ಲದ ಹದಿನೆಂಟು ವರ್ಷವೂ ಬಾಗಿಲ ಬಳಿ ಬಿಟ್ಟುಹೋದ ಚಪ್ಪಲಿಯನ್ನು ಅವಳು ಹೀಗೆಯೇ ಎತ್ತಿ ಕೆರೆದು ಇಟ್ಟಿರಬೇಕು. ಅವನಿಗೆ ಅದು ಎಂದೂ ಕಂಡಿರಲಿಲ್ಲ. ಬಂದಾಗ ಚಪ್ಪಲಿ ಬಾಗಿಲಲ್ಲಿ ಇರುತ್ತಿತ್ತು, ಸ್ವಚ್ಛವಾಗಿ. ಅಷ್ಟೇ ಅವನಿಗೆ ಗೊತ್ತಿದ್ದದ್ದು. ಶಾಫ್ಟನ್ನು ಕರೆದ. ಅದು ಬರಲಿಲ್ಲ.

"ಎರಡನೇ ನಿಮಿಷ," ಅಂದ.

"ಜೋರಾಗಿ ಹೇಳಿ."

"ಎರಡನೇ ನಿಮಿಷದಿಂದ, ಡಾಕ್ಟರ್. ದವಡೆ. ಆಮೇಲೆ ತೋಳು. ಎಂಟು ಮೆಟ್ಟಿಲು ಹತ್ತಿದ್ರೂ ಹೀಗೇ ಆಗತ್ತೆ."

ಅವರು ಬರೆದುಕೊಂಡರು. ಪೆನ್ನಿನ ಸದ್ದು ಬಹಳ ಸಣ್ಣದಾಗಿತ್ತು. ಎರಡೂ ಕಡೆಗೆ ಕಾಗದ ಹೋಗುತ್ತದೆ, ಸಮುದ್ರದ ಕೆಲಸಕ್ಕೆ ಇನ್ನು ಆಗುವುದಿಲ್ಲ ಎಂದು ಬರೆಯುತ್ತೇನೆ, ಎಂದರು. ಇನ್ನೇನೋ ಹೇಳಿದರು, ಮಾತ್ರೆ ಬದಲಿಸುವ ಬಗ್ಗೆ. ಹಳೆಯ ಕಾಗದವನ್ನು ಅದರದೇ ಮಡಿಕೆಯಲ್ಲಿ ಮಡಚಿ ವಾಪಸು ಕೊಟ್ಟರು. ಅವನು ಅದನ್ನು ಪರ್ಸಿಗೆ ಹಾಕದೆ ಕೈಯಲ್ಲೇ ಹಿಡಿದು ಹೊರಗೆ ಬಂದ.

ಅದೆಲ್ಫಾ ಎದ್ದು ನಿಂತಳು. "ಏನಂದ್ರು?"

"ಫೇಲು."

ತಿಂಗಳುಗಟ್ಟಲೆ ಈ ಮಾತಿಗೆ ಕಾದಿದ್ದವಳ ಮುಖದಲ್ಲಿ ಸಂತೋಷ ಬರಬೇಕಿತ್ತು. ಅರ್ಧ ಬಂತು. ಅವಳ ಕಣ್ಣು ಅವನ ಕೈಯಲ್ಲಿದ್ದ ಕಾಗದದ ಮೇಲೆ ಬಿತ್ತು. ಕಳೆದುಹೋಗಿದ್ದ ಕಾಗದ. ಟೇಪು, ಮೆತ್ತಗಾದ ಅಂಚು. ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದಳು. "ನಾನೇ ಬಿಚ್ಕೋತೀನಿ ಬಿಡು," ಎಂದರೂ ಕೇಳದೆ ಒಂದೊಂದೇ ಚಪ್ಪಲಿಯನ್ನು ಕಾಲಿಗೆ ತೊಡಿಸಿದಳು.

ಹಿಂದಿರುಗುವಾಗ ಗಾಳಿ ಬಿದ್ದಿತ್ತು. ನೀರು ಎಣ್ಣೆಯ ಹಾಗೆ ಮಲಗಿತ್ತು. ಮಾವಿನ ಬುಟ್ಟಿ ಹಾಗೆಯೇ ವಾಪಸು ಬಂದಿತ್ತು. ಬುದೊಯ್ ಒಂದು ಹಣ್ಣು ಸುಲಿದು ತಿನ್ನುತ್ತ ಚುಕ್ಕಾಣಿಯನ್ನು ಮೊಣಕಾಲಿನಲ್ಲಿ ಒತ್ತಿ ಹಿಡಿದಿದ್ದ. ಮೊದಲ ಸಲ ತೆರ್ಯೊ ಬೆನ್ನು ತಿರುಗಿಸದೆ, ಹಡಗುಗಳ ಕಡೆಗೇ ಮುಖ ಮಾಡಿ ಕೂತಿದ್ದ. ಅಡಗಿಸಿ ನೋಡಬೇಕಾದದ್ದು ಇನ್ನೇನೂ ಉಳಿದಿರಲಿಲ್ಲ. ಅದೆಲ್ಫಾ ಬಹಳ ಹೊತ್ತು ಅವನನ್ನು ನೋಡಿದಳು.

"ಬುದೊಯ್," ಅಂದಳು. "ಆ ತುಕ್ಕಿನ ಹಡಗಿನ ಹತ್ತಿರ ಹೋಗು."

"ಹಾಂ? ಬೆಳಿಗ್ಗೆ ಸುತ್ತು ಹಾಕು ಅಂದ್ರಿ."

"ಈಗ ಹೋಗು ಅಂತಿದೀನಿ. ಹಣ್ಣು ತಿಂತಿದೀಯಲ್ಲ, ಎಣ್ಣೆ ಲೆಕ್ಕ ಅದ್ರಲ್ಲೇ ಮುರ್ಕೋ."

ಹಡಗು ಹತ್ತಿರವಾದಂತೆ ಆಕಾಶ ಕಾಣದಾಯಿತು. ಬರೀ ತುಕ್ಕಿನ ಗೋಡೆ, ಅದರ ಮೇಲೆ ಕರಗಿದ ಬಿಸಿಲು. ಇಂಜಿನ್ ನಿಲ್ಲಿಸು ಎಂದು ಅವಳು ಕೈ ಮಾಡಿದಳು. ಮೌನದಲ್ಲಿ ದೋಣಿ ಜಾರಿಕೊಂಡು ಹೋಗಿ, ಚಾಚಿದ ಬಿದಿರಿನ ತುದಿ ಹಡಗಿನ ಮೈಗೆ ಮೆಲ್ಲಗೆ ತಾಗಿ ನಿಂತಿತು. ತೆರ್ಯೊ ಅವಳ ಕಡೆ ನೋಡಿದ. ಆಮೇಲೆ ಮೊಣಕಾಲೂರಿ ದೋಣಿಯೊಳಕ್ಕೆ ಬಂದ ಬಿದಿರಿನ ಈ ತುದಿಗೆ ಕಿವಿ ಕೊಟ್ಟ.

"ಏನು ಕೇಳತ್ತೆ?"

"ಜನರೇಟರ್. ಒಂದು ಓಡ್ತಿದೆ." ಅವನು ಕಣ್ಣು ಮುಚ್ಚಿದ್ದ. "ಒಂದು ಸಿಲಿಂಡರ್ ಸರಿಯಿಲ್ಲ. ಯಾರಾದ್ರೂ ಹೇಳ್ಬೇಕು ಅವರಿಗೆ."

ಅದೆಲ್ಫಾ ಲಂಗ ಮಡಚಿ ಅವನ ಎದುರಿಗೆ ಮಂಡಿಯೂರಿದಳು. ತಲೆಯ ಬಟ್ಟೆ ಸರಿಸಿ ಬಿದಿರಿಗೆ ಕಿವಿ ಇಟ್ಟಳು. ಇಬ್ಬರ ಮುಖಗಳ ನಡುವೆ ಒಂದು ಗೇಣು ಬಿದಿರು. ಮೊದಲು ಅವಳಿಗೆ ತನ್ನ ರಕ್ತದ ಸದ್ದೇ ಕೇಳಿಸಿರಬೇಕು, ಹುಬ್ಬು ಗಂಟಿಕ್ಕಿದಳು. ನಂತರ ಹುಬ್ಬು ಸಡಿಲವಾಯಿತು. ದೂರದಿಂದ, ಕಬ್ಬಿಣದಾಚೆಯಿಂದ, ನಿಲ್ಲದೆ, ಒಂದು ಮಿಡಿತ.

"ಇದಾ?" ಅಂದಳು.

"ಇದೇ."

ಅವಳು ಕಿವಿ ತೆಗೆಯಲಿಲ್ಲ. "ಇನ್ನೂ ಸ್ವಲ್ಪ ಹೊತ್ತು ಇರು ಬುದೊಯ್," ಅಂದಳು.